ಬ್ರಾಡ್‌ಕಾಮ್ ವೈಫೈ ಕಾರ್ಡಿಗೆ ಲಿನಕ್ಸ್‌ನಲ್ಲಿ ಡ್ರೈವರ್: ಮೊದಲು ನಂಬರ್ ಓದಿ

ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್, ಉಬುಂಟು ಅಥವಾ ಮಿಂಟ್ ಹಾಕಿದ್ದೀರಿ. ಸ್ಕ್ರೀನ್, ಸೌಂಡ್, ಟಚ್‌ಪ್ಯಾಡ್ ಎಲ್ಲ ಸರಿ, ವೈಫೈ ಮಾತ್ರ ಪತ್ತೆಯಿಲ್ಲ. ಹಾಗಿದ್ದರೆ ಒಳಗಿರುವುದು ಬ್ರಾಡ್‌ಕಾಮ್ ಕಾರ್ಡ್ ಇರಬಹುದೆಂದು ಮೊದಲು ಅನುಮಾನಿಸಿ. 2008ರಿಂದ 2015ರ ಆಸುಪಾಸಿನ ಡೆಲ್, ಎಚ್‌ಪಿ, ಲೆನೊವೊ ಲ್ಯಾಪ್‌ಟಾಪುಗಳಲ್ಲೂ ಆ ಕಾಲದ ಮ್ಯಾಕ್‌ಬುಕ್‌ಗಳಲ್ಲೂ ಇವು ಧಾರಾಳವಾಗಿ ಸಿಗುತ್ತವೆ. ಇವುಗಳಿಗೆ ಲಿನಕ್ಸ್ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಇಲ್ಲ ಎಂಬುದು ತಪ್ಪು ತಿಳಿವಳಿಕೆ. ನಾಲ್ಕು ಡ್ರೈವರ್‌ಗಳಿವೆ, ತೊಂದರೆ ಶುರುವಾಗುವುದೇ ಅಲ್ಲಿ. ಒಂದು ಚಿಪ್ಪಿಗೆ ಆಗಿಬರುವುದು ಇನ್ನೊಂದಕ್ಕೆ ಆಗಿಬರುವುದಿಲ್ಲ. ಯಾವುದಾದರೂ ಒಂದು ಹತ್ತೀತು ಎಂದು ಎರಡು ಮೂರನ್ನು ಒಟ್ಟಿಗೆ ಹಾಕಿದರೆ ಅವು ಒಂದೇ ಕಾರ್ಡಿಗೆ ಜಗಳವಾಡಿ ಯಾವುದೂ ನಡೆಯದಂತಾಗುತ್ತದೆ.

ಕಮಾಂಡುಗಳನ್ನು ಇಲ್ಲಿ ಫೋನಿನಲ್ಲಿ ಹೇಳಿಕೊಡುವ ಹಾಗೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನೇ ಬಳಸಿ. ದೊಡ್ಡಕ್ಷರ ಬೇಕಾದ ಒಂದೇ ಕಡೆ ಅದನ್ನು ಹೇಳಿದೆ. ಅಡ್ಡಗೆರೆ, ಚುಕ್ಕೆ, ಓರೆಗೆರೆ, ಖಾಲಿ ಜಾಗ ಇದ್ದಂತೆಯೇ ಇರಲಿ. ಪ್ಯಾಕೇಜಿನ ಹೆಸರಿನ ಮೊದಲ ಐದಾರು ಅಕ್ಷರ ಹೊಡೆದು ಟ್ಯಾಬ್ ಕೀಯನ್ನು ಎರಡು ಸಲ ಒತ್ತಿದರೆ ಉಳಿದದ್ದನ್ನು ಟರ್ಮಿನಲ್ಲೇ (ಕಮಾಂಡು ಟೈಪ್ ಮಾಡುವ ಕಿಟಕಿ) ತೋರಿಸುತ್ತದೆ. ಅಕ್ಷರ ತಪ್ಪುವ ಭಯ ಅಲ್ಲಿಗೆ ಮುಗಿಯಿತು.

ಕಾರ್ಡ್ ಯಾವುದು?

ಟರ್ಮಿನಲ್ ತೆರೆದು ಇದನ್ನು ಕೊಡಿ:

ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ

ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂದಿರುವ ಸಾಲನ್ನು ಹುಡುಕಿ. ‘ಈಥರ್ನೆಟ್ ಕಂಟ್ರೋಲರ್’ ಎಂಬುದು ತಂತಿಯ ಪೋರ್ಟು, ಅದು ಬೇಡ. ಬೇಕಾದ ಸಾಲು ಸುಮಾರಾಗಿ ಹೀಗಿರುತ್ತದೆ:

02:00.0 ನೆಟ್‌ವರ್ಕ್ ಕಂಟ್ರೋಲರ್ [0280]: ಬ್ರಾಡ್‌ಕಾಮ್ ಬಿಸಿಎಂ43142 802.11ಬಿ/ಜಿ/ಎನ್ [14ಇ4:4365]

ಕೊನೆಯ ಚೌಕ ಕಂಸದಲ್ಲಿರುವುದೇ ಕಾರ್ಡಿನ ನಿಜವಾದ ಗುರುತು. ಕೋಲನ್‌ಗಿಂತ ಮುಂಚಿನ 14ಇ4 ಬ್ರಾಡ್‌ಕಾಮ್ ಕಂಪನಿಯ ಸಂಖ್ಯೆ, ನಂತರದ 4365 ಈ ಕಾರ್ಡಿನದು. ಅದರ ಕೆಳಗೇ ‘ಸಬ್‌ಸಿಸ್ಟಮ್’ ಎಂಬ ಸಾಲಿನಲ್ಲಿ ಇನ್ನೊಂದು ಜೋಡಿ ಸಂಖ್ಯೆ ಇರುತ್ತದೆ. ಅದು ಲ್ಯಾಪ್‌ಟಾಪ್ ಮಾಡಿದವರು ಹಾಕಿದ್ದು. ಡೆಲ್ ಆದರೆ 1028, ಎಚ್‌ಪಿ ಆದರೆ 103ಸಿ ಎಂದು ಶುರುವಾಗುತ್ತದೆ. ಡ್ರೈವರ್ ಆರಿಸಲು ಅದು ಕೆಲಸಕ್ಕೆ ಬಾರದು. ಲ್ಯಾಪ್‌ಟಾಪಿನ ಮಾಡೆಲ್ ಹೆಸರನ್ನೂ ನಂಬಬೇಡಿ. ಒಂದೇ ಮಾಡೆಲ್ಲನ್ನು ಬೇರೆ ಬೇರೆ ವೈಫೈ ಕಾರ್ಡ್ ಹಾಕಿ ಮಾರಿರುತ್ತಾರೆ.

ಇನ್ನೊಂದು ಗುಂಡಿ ಇದೆ, ಓದಿಕೊಂಡವರೂ ಬೀಳುವಂಥದ್ದು. ಬಿಸಿಎಂ4312 ಎಂಬ ಚಿಪ್ಪಿನ ಗುರುತು 4315. ಗುರುತೇ 4312 ಎಂದಿದ್ದರೆ ಅದು ಬಿಸಿಎಂ4311 ಎಂಬ ಬೇರೆಯೇ ಚಿಪ್ಪು. ಹಾಗಾಗಿ ಚಿಪ್ಪಿನ ಹೆಸರನ್ನು ಬಿಟ್ಟು ಕಂಸದ ಸಂಖ್ಯೆಯನ್ನೇ ಹಿಡಿಯಿರಿ.

ಸಂಖ್ಯೆ ಸಿಕ್ಕಿದ ಮೇಲೆ ಆಯ್ಕೆ ಸುಲಭ. 4311, 4312, 4315, 4318 ಇದ್ದರೆ ಬಿ43 ಡ್ರೈವರ್. ಇದನ್ನು ಚಿಪ್ಪಿನ ನಡವಳಿಕೆಯನ್ನು ಹೊರಗಿನಿಂದ ಅಭ್ಯಾಸ ಮಾಡಿ ಸ್ವಯಂಸೇವಕರು ಬರೆದರು, ಲಿನಕ್ಸ್‌ನ ತಿರುಳಾದ ಕರ್ನಲ್ಲಿನಲ್ಲೇ ಇದೆ. 4727, 4353, 4357 ಇದ್ದರೆ ಬಿಆರ್‌ಸಿಎಂಎಸ್‌ಮ್ಯಾಕ್. ಬ್ರಾಡ್‌ಕಾಮ್ 2010ರಲ್ಲಿ ತಾನೇ ಮೂಲ ಸಂಕೇತ ಬಿಡುಗಡೆ ಮಾಡಿದ ಡ್ರೈವರ್ ಇದು. ಇದೂ ಕರ್ನಲ್ಲಿನಲ್ಲೇ ಇದೆ. 43ಬಿಎ, 43ಎ3 ಇದ್ದರೆ ಬಿಆರ್‌ಸಿಎಂಎಫ್‌ಮ್ಯಾಕ್, ಅದೂ ಕರ್ನಲ್ಲಿನದೇ. ಇನ್ನು 4365, 43ಬಿ1, 43ಎ0: ಈ ಮೂರಕ್ಕೂ ಡಬ್ಲ್ಯುಎಲ್ ಎಂಬ ಮುಚ್ಚಿದ ಡ್ರೈವರನ್ನು ಹೊರಗಿನಿಂದ ತಂದು ಹಾಕಬೇಕು. 4331, ಅಂದರೆ 2011–12ರ ಮ್ಯಾಕ್‌ಬುಕ್‌ಗಳಲ್ಲಿ ಇರುವುದು, ಬಿ43ರಲ್ಲೂ ಡಬ್ಲ್ಯುಎಲ್‌ನಲ್ಲೂ ನಡೆಯುತ್ತದೆ. ಮೊದಲು ಬಿ43 ನೋಡಿ.

ರಾಸ್ಪ್‌ಬೆರಿ ಪೈನಲ್ಲಿ ವೈಫೈ ಚಿಪ್ಪು ಪಿಸಿಐ ಬದಲು ಎಸ್‌ಡಿಐಒ ಎಂಬ ಬೇರೆ ಜೋಡಣೆಯ ದಾರಿಯಲ್ಲಿ ಕೂತಿರುವುದರಿಂದ ಎಲ್‌ಎಸ್‌ಪಿಸಿಐ ಪಟ್ಟಿಗೆ ಬರುವುದಿಲ್ಲ. ಅಲ್ಲಿ ನಡೆಯುವುದು ಬಿಆರ್‌ಸಿಎಂಎಫ್‌ಮ್ಯಾಕ್, ಅದರ ಅಧಿಕೃತ ಓಎಸ್‌ನಲ್ಲಿ ಎಲ್ಲ ಮೊದಲೇ ಸೇರಿರುತ್ತದೆ.

ಇಂಟರ್‌ನೆಟ್ ಇಲ್ಲದೆ ಇಂಟರ್‌ನೆಟ್ ತರುವುದು

ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಪೆನ್‌ಡ್ರೈವಿನಲ್ಲಿ ಪ್ಯಾಕೇಜುಗಳನ್ನು ಹೊತ್ತು ತರುವ ಉಸಾಬರಿಗೆ ಹೋಗಬೇಡಿ. ಒಂದರ ಹಿಂದೆ ಹತ್ತು ಬೇಕಾಗುತ್ತವೆ. ಲ್ಯಾನ್ ಕೇಬಲ್ ಇದ್ದರೆ ಸಿಕ್ಕಿಸಿ. ಇಲ್ಲವಾದರೆ ಆಂಡ್ರಾಯ್ಡ್ ಫೋನನ್ನು ಡೇಟಾ ಹೋಗುವ ಯುಎಸ್‌ಬಿ ಕೇಬಲ್ಲಿನಿಂದ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಕಡೆ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಲಿನಕ್ಸ್ ಇದನ್ನು ತಂತಿಯ ನೆಟ್‌ವರ್ಕ್ ಎಂದೇ ತಿಳಿದು ತಕ್ಷಣ ಜೋಡಿಸಿಕೊಳ್ಳುತ್ತದೆ. ಫೋನು ಮನೆಯ ವೈಫೈಯಲ್ಲಿದ್ದರೆ ಮೊಬೈಲ್ ಡೇಟಾ ಖರ್ಚಾಗದೆ ಆ ವೈಫೈಯೇ ಕೇಬಲ್ಲಿನಲ್ಲಿ ಹರಿದು ಬರುತ್ತದೆ. ಟೆದರಿಂಗ್ ಆಯ್ಕೆ ಮಸುಕಾಗಿದ್ದರೆ ಕೇಬಲ್ ಚಾರ್ಜಿಂಗ್‌ಗೆ ಮಾತ್ರ ಆಗುವಂಥದ್ದು. ಬೇರೆ ಕೇಬಲ್ ನೋಡಿ.

ನೆಟ್ ಬಂದ ಕೂಡಲೇ ಡ್ರೈವರಿಗೆ ಕೈ ಹಾಕಬೇಡಿ. ಮೊದಲು ಇಡೀ ಸಿಸ್ಟಮ್ ಅಪ್‌ಡೇಟ್ ಮಾಡಿ ಒಮ್ಮೆ ರೀಬೂಟ್ ಮಾಡಿ:

ಸುಡೊ ಎಪಿಟಿ ಅಪ್‌ಡೇಟ್
ಸುಡೊ ಎಪಿಟಿ ಫುಲ್-ಅಪ್‌ಗ್ರೇಡ್

ಹೊಸ ಕರ್ನಲ್ ಇಳಿದಿದ್ದು ಹಳೆಯದೇ ಓಡುತ್ತಿರುವಾಗ ಡ್ರೈವರ್ ಹಾಕಿದರೆ ಒಂದಕ್ಕೆ ಕಟ್ಟಿ ಇನ್ನೊಂದರಲ್ಲಿ ಹುಡುಕಿದಂತಾಗುತ್ತದೆ.

ಡೆಬಿಯನ್ ಬಳಸುವವರಿಗೆ ಇನ್ನೊಂದು ಕೆಲಸವಿದೆ. /ಇಟಿಸಿ/ಎಪಿಟಿ/ಸೋರ್ಸಸ್.ಲಿಸ್ಟ್ ಕಡತದಲ್ಲಿ ಪ್ರತಿ ಡೆಬ್ ಸಾಲಿನ ಕೊನೆಗೆ ‘ಮೇನ್’ ಎಂಬುದರ ಪಕ್ಕದಲ್ಲಿ ‘ಕಾಂಟ್ರಿಬ್’, ‘ನಾನ್-ಫ್ರೀ’, ‘ನಾನ್-ಫ್ರೀ-ಫರ್ಮ್‌ವೇರ್’ ಮೂರೂ ಇರಬೇಕು. ಕಡತ ಹೊಸ ಬಗೆಯದಾಗಿದ್ದರೆ ಇವೇ ಪದಗಳನ್ನು ‘ಕಾಂಪೊನೆಂಟ್ಸ್’ ಸಾಲಿಗೆ ಸೇರಿಸಿ. ಕೊನೆಯದು 2023ರ ಡೆಬಿಯನ್ 12ರಿಂದ ಬೇರೆ ಭಾಗವಾಯಿತು. ಅದಕ್ಕೂ ಹಿಂದಿನ ಬರಹಗಳನ್ನು ನೋಡಿ ಬರೀ ‘ನಾನ್-ಫ್ರೀ’ ಸೇರಿಸಿದವರಿಗೆ ಫರ್ಮ್‌ವೇರ್ ಪ್ಯಾಕೇಜ್ ಸಿಗದೆ ಹೋಗುವುದು ಇದರಿಂದಲೇ. ತಿದ್ದಿದ ಮೇಲೆ ಇನ್ನೊಮ್ಮೆ ಎಪಿಟಿ ಅಪ್‌ಡೇಟ್ ಕೊಡಿ.

ಬಿ43: ಡ್ರೈವರ್ ಇದೆ, ಫರ್ಮ್‌ವೇರ್ ಇಲ್ಲ

ಬಿ43 ಗುಂಪಿನ ಕಾರ್ಡುಗಳಿಗೆ ಡ್ರೈವರ್ ಹಾಕುವ ಅಗತ್ಯವೇ ಇಲ್ಲ, ಬೇಕಿರುವುದು ಫರ್ಮ್‌ವೇರ್. ಡ್ರೈವರ್ ಓಡುವುದು ನಿಮ್ಮ ಪ್ರೊಸೆಸರಿನ ಮೇಲೆ. ಫರ್ಮ್‌ವೇರ್ ಓಡುವುದು ವೈಫೈ ಚಿಪ್ಪಿನ ಒಳಗೆ. ಪ್ರತಿ ಸಲ ಬೂಟ್ ಆದಾಗ ಡ್ರೈವರ್ ಅದನ್ನು ಡಿಸ್ಕಿನಿಂದ ಎತ್ತಿ ಚಿಪ್ಪಿಗೆ ತುಂಬುತ್ತದೆ. ಲಾಗ್ ನೋಡಿ:

ಸುಡೊ ಡಿಎಂಇಎಸ್‌ಜಿ | ಗ್ರೆಪ್ ಬಿ43

‘ಫರ್ಮ್‌ವೇರ್ ಫೈಲ್ ಬಿ43/ಯುಕೋಡ್15.ಎಫ್‌ಡಬ್ಲ್ಯು ನಾಟ್ ಫೌಂಡ್’ ಎಂಬರ್ಥದ ಸಾಲು ಬಂದರೆ ರೋಗ ಪತ್ತೆಯಾಯಿತು. ಮದ್ದು:

ಸುಡೊ ಎಪಿಟಿ ಇನ್‌ಸ್ಟಾಲ್ ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್

ಈ ಪ್ಯಾಕೇಜಿನ ಒಳಗೆ ಫರ್ಮ್‌ವೇರ್ ಇರುವುದಿಲ್ಲ. ಪರವಾನಗಿಯ ಕಾರಣಕ್ಕೆ ಅದನ್ನು ಡೆಬಿಯನ್ ಹಂಚುವಂತಿಲ್ಲ. ಹಾಗಾಗಿ ಇನ್‌ಸ್ಟಾಲ್ ಆಗುವ ಹೊತ್ತಿನಲ್ಲಿ ಅದು ಬ್ರಾಡ್‌ಕಾಮ್‌ನ ಹಳೆಯ ಡ್ರೈವರೊಂದನ್ನು ನೆಟ್‌ನಿಂದ ಇಳಿಸಿ, ಬಿ43-ಎಫ್‌ಡಬ್ಲ್ಯುಕಟರ್ ಎಂಬ ಸಲಕರಣೆಯಿಂದ ಫರ್ಮ್‌ವೇರನ್ನು ಕತ್ತರಿಸಿ ತೆಗೆದು /ಲಿಬ್/ಫರ್ಮ್‌ವೇರ್/ಬಿ43 ಒಳಗೆ ಇಡುತ್ತದೆ. ಆ ಕ್ಷಣಕ್ಕೆ ನೆಟ್ ಕೈಕೊಟ್ಟರೆ ಕಡತಗಳು ಬರುವುದಿಲ್ಲ. ಪೆನ್‌ಡ್ರೈವಿನಲ್ಲಿ ಈ ಪ್ಯಾಕೇಜ್ ಒಂದನ್ನೇ ತಂದು ಹಾಕಿದವರಿಗೆ ಆಗುವುದು ಇದೇ. ಆ ಫೋಲ್ಡರಿನಲ್ಲಿ ಯುಕೋಡ್ ಹೆಸರಿನ ಕಡತಗಳು ಇವೆಯೇ ಎಂದು ಕಣ್ಣಾರೆ ನೋಡಿ. ಇಲ್ಲದಿದ್ದರೆ ನೆಟ್ ಸರಿಯಿರುವಾಗ ಅದೇ ಕಮಾಂಡಿಗೆ --ರೀಇನ್‌ಸ್ಟಾಲ್ ಸೇರಿಸಿ ಮತ್ತೆ ಓಡಿಸಿ. ಆಮೇಲೆ:

ಸುಡೊ ಮಾಡ್‌ಪ್ರೋಬ್ -ಆರ್ ಬಿ43
ಸುಡೊ ಮಾಡ್‌ಪ್ರೋಬ್ ಬಿ43

ಐದು ಸೆಕೆಂಡಿನಲ್ಲಿ ವೈಫೈ ಪಟ್ಟಿ ಬರಬೇಕು.

4727ರ ಗುಂಪಿಗೆ ಇದಕ್ಕಿಂತ ಸುಲಭ. ಫರ್ಮ್‌ವೇರ್-ಬಿಆರ್‌ಸಿಎಂ80211 ಪ್ಯಾಕೇಜ್ ಹಾಕಿ ರೀಬೂಟ್ ಮಾಡಿದರೆ ಮುಗಿಯಿತು; 43ಬಿಎ, 43ಎ3ಕ್ಕೂ ಡೆಬಿಯನ್‌ನಲ್ಲಿ ಇದೇ ಪ್ಯಾಕೇಜು. ಉಬುಂಟುವಿನಲ್ಲಿ ಇದು ಮೊದಲೇ ಇರುತ್ತದೆ. ಲಾಗಿನಲ್ಲಿ ‘ಕ್ಯುಒಎಸ್ ಎನೇಬಲ್ಡ್: ಫಾಲ್ಸ್ (ಇಂಪ್ಲಿಮೆಂಟ್)’ ಎಂದು ಕಾಣಿಸಿದರೆ ಗಾಬರಿ ಬೇಡ, ಅದು ನಿರುಪದ್ರವಿ. ಕೆಲವು 4727 ಕಾರ್ಡುಗಳು ಈ ಡ್ರೈವರಿನಲ್ಲಿ ಪಕ್ಕದ ಕೋಣೆಗೆ ಹೋದರೆ ಸಿಗ್ನಲ್ ಬಿಡುತ್ತವೆ. ಅಂಥವಕ್ಕೆ ಮಾತ್ರ ಮುಂದಿನ ದಾರಿ.

ಡಬ್ಲ್ಯುಎಲ್: ಹೆಚ್ಚು ಜನ ಒದ್ದಾಡುವುದು ಇಲ್ಲೇ

4365, ಅಂದರೆ ಬಿಸಿಎಂ43142, ಇರುವವರು ಇಲ್ಲಿಂದ ನಿಧಾನವಾಗಿ ಓದಿ. ಡಬ್ಲ್ಯುಎಲ್ ಡ್ರೈವರಿನ ಒಂದು ಭಾಗ ಬ್ರಾಡ್‌ಕಾಮ್ ಕೊಟ್ಟ ಸಿದ್ಧ ಬೈನರಿ, ಇನ್ನೊಂದು ಭಾಗ ನಿಮ್ಮ ಕರ್ನಲ್ಲಿಗೆ ಹೊಂದುವ ಹಾಗೆ ನಿಮ್ಮ ಯಂತ್ರದಲ್ಲೇ ಕಂಪೈಲ್ ಆಗಬೇಕಾದ (ಯಂತ್ರ ಓಡಿಸಬಲ್ಲ ರೂಪಕ್ಕೆ ಬದಲಾಗಬೇಕಾದ) ಸಂಕೇತ. ಆ ಕಂಪೈಲ್ ಕೆಲಸ ಡಿಕೆಎಂಎಸ್ ಎಂಬ ವ್ಯವಸ್ಥೆಯದು. ಅದಕ್ಕೆ ಕರ್ನಲ್ ಹೆಡರ್‌ಗಳು, ಅಂದರೆ ಕಂಪೈಲ್ ಮಾಡಲು ಬೇಕಾದ ಕರ್ನಲ್ ವಿವರದ ಕಡತಗಳು, ಬೇಕೇ ಬೇಕು. ಡೆಬಿಯನ್‌ನಲ್ಲಿ:

ಸುಡೊ ಎಪಿಟಿ ಇನ್‌ಸ್ಟಾಲ್ ಲಿನಕ್ಸ್-ಹೆಡರ್ಸ್-ಎಎಂಡಿ64 ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್

ಉಬುಂಟು, ಮಿಂಟ್‌ನಲ್ಲಿ:

ಸುಡೊ ಎಪಿಟಿ ಇನ್‌ಸ್ಟಾಲ್ ಲಿನಕ್ಸ್-ಹೆಡರ್ಸ್-ಜನರಿಕ್ ಬಿಸಿಎಂಡಬ್ಲ್ಯುಎಲ್-ಕರ್ನಲ್-ಸೋರ್ಸ್

ಎಎಂಡಿ64 ಎಂದಿದ್ದರೂ ಇಂಟೆಲ್ ಪ್ರೊಸೆಸರಿಗೂ ಅದೇ. 64 ಬಿಟ್ ಎಂಬುದಷ್ಟೇ ಅದರರ್ಥ. ಕಂಪೈಲ್ ಆಗಲು ಹಳೆಯ ಯಂತ್ರದಲ್ಲಿ ಒಂದೆರಡು ನಿಮಿಷ ಹಿಡಿದೀತು, ನಡುವೆ ಮುಚ್ಚಬೇಡಿ. ಮುಗಿದ ಮೇಲೆ:

ಡಿಕೆಎಂಎಸ್ ಸ್ಟೇಟಸ್

6.30.223.271 ಎಂಬ ಆವೃತ್ತಿ, ಪಕ್ಕದಲ್ಲಿ ಕರ್ನಲ್ ಹೆಸರು, ಕೊನೆಯಲ್ಲಿ ‘ಇನ್‌ಸ್ಟಾಲ್ಡ್’ ಎಂದಿರಬೇಕು. ಆ ಕರ್ನಲ್ ಹೆಸರು ಯುನೇಮ್ -ಆರ್ ಕೊಟ್ಟಾಗ ಬರುವ ಹೆಸರಿಗೆ ಅಕ್ಷರಶಃ ಹೊಂದಬೇಕು. ಬರೀ ‘ಆ್ಯಡೆಡ್’ ಎಂದಿದ್ದರೆ ಕಂಪೈಲ್ ಆಗಿಲ್ಲ. ಮುಕ್ಕಾಲು ಪಾಲು ಹೆಡರ್ ಇಲ್ಲದ್ದೇ ಕಾರಣ. ಹೆಡರ್ ಹಾಕಿ ಸುಡೊ ಡಿಕೆಎಂಎಸ್ ಆಟೋಇನ್‌ಸ್ಟಾಲ್ ಕೊಡಿ.

ಇನ್ನು ಜಗಳ ಬಿಡಿಸುವ ಕೆಲಸ. ಬಿ43, ಬಿಆರ್‌ಸಿಎಂಎಸ್‌ಮ್ಯಾಕ್, ಅವು ನಿಲ್ಲುವ ಆಧಾರ ಮಾಡ್ಯೂಲುಗಳಾದ ಎಸ್‌ಎಸ್‌ಬಿ, ಬಿಸಿಎಂಎ ಇವುಗಳಲ್ಲಿ ಯಾವುದಾದರೂ ಮೊದಲೇ ಕಾರ್ಡನ್ನು ಹಿಡಿದಿದ್ದರೆ ಡಬ್ಲ್ಯುಎಲ್‌ಗೆ ಅದು ಸಿಗುವುದಿಲ್ಲ. ಮೊದಲು ಅವನ್ನು ಇಳಿಸಿ, ಆಮೇಲೆ ಇದನ್ನು ಏರಿಸಿ:

ಸುಡೊ ಮಾಡ್‌ಪ್ರೋಬ್ -ಆರ್ ಬಿ44 ಬಿ43 ಬಿ43ಲೆಗಸಿ ಎಸ್‌ಎಸ್‌ಬಿ ಬಿಆರ್‌ಸಿಎಂಎಸ್‌ಮ್ಯಾಕ್ ಬಿಸಿಎಂಎ
ಸುಡೊ ಮಾಡ್‌ಪ್ರೋಬ್ ಡಬ್ಲ್ಯುಎಲ್

ಒಂದು ಎಚ್ಚರಿಕೆ: ಬಿ44 ಎಂಬುದು ಹಳೆಯ ಬ್ರಾಡ್‌ಕಾಮ್ ಲ್ಯಾನ್ ಪೋರ್ಟಿನ ಡ್ರೈವರು, ಅದೂ ಎಸ್‌ಎಸ್‌ಬಿ ಮೇಲೇ ನಿಂತಿರುತ್ತದೆ. ನೀವು ಆ ಪೋರ್ಟಿನ ಮೂಲಕವೇ ನೆಟ್‌ನಲ್ಲಿದ್ದರೆ ಮೊದಲ ಸಾಲು ಕೊಟ್ಟೊಡನೆ ಕೂತ ಕೊಂಬೆಯನ್ನೇ ಕಡಿದಂತಾಗುತ್ತದೆ. ಬೇಕಾದ ಪ್ಯಾಕೇಜುಗಳೆಲ್ಲ ಇಳಿದ ಮೇಲೆಯೇ ಅದನ್ನು ಕೊಡಿ.

ಈಗ ವೈಫೈ ಬಂದು, ರೀಬೂಟ್ ಮಾಡಿದಾಗ ಮತ್ತೆ ಮಾಯವಾದರೆ ಕಾರಣ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿದೆ. ಹಳೆಯ ಡ್ರೈವರುಗಳನ್ನು ತಡೆಯುವ ಬ್ಲ್ಯಾಕ್‌ಲಿಸ್ಟ್ ಕಡತವನ್ನು ಪ್ಯಾಕೇಜು /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಇಟ್ಟಿರುತ್ತದೆ. ಆದರೆ ಬೂಟಿನ ಮೊದಲ ಹಂತದಲ್ಲಿ ಓದುವ ಚಿಕ್ಕ ಪ್ರತಿಯಾದ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಅದು ಸೇರಿರದಿದ್ದರೆ ಎಸ್‌ಎಸ್‌ಬಿ ಅಥವಾ ಬಿಸಿಎಂಎ ಮುಂಚಿತವಾಗಿಯೇ ಒಳಗೆ ನುಗ್ಗುತ್ತದೆ. ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು ಕೊಟ್ಟು ರೀಬೂಟ್ ಮಾಡಿ. ಇದಕ್ಕೆ ತದ್ವಿರುದ್ಧ ತಪ್ಪೂ ಇದೆ: ಬಿ43 ಬೇಕಾದ ಕಾರ್ಡಿಗೆ ಹಿಂದೊಮ್ಮೆ ಡಬ್ಲ್ಯುಎಲ್ ಹಾಕಿ ತೆಗೆದಿರುತ್ತಾರೆ, ಬ್ಲ್ಯಾಕ್‌ಲಿಸ್ಟ್ ಕಡತ ಮಾತ್ರ ಹಾಗೇ ಉಳಿದಿರುತ್ತದೆ. ತೆಗೆಯುವಾಗ ಎಪಿಟಿ ರಿಮೂವ್ ಬದಲು ಎಪಿಟಿ ಪರ್ಜ್ ಬಳಸಿದರೆ ಅದೂ ಹೋಗುತ್ತದೆ.

ಯಾವುದು ಕಾರ್ಡನ್ನು ಹಿಡಿದಿದೆ ಎಂದು ನೋಡಲು ಮತ್ತೆ ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ. ‘ಕರ್ನಲ್ ಮಾಡ್ಯೂಲ್ಸ್’ ಸಾಲಿನಲ್ಲಿ ಇರುವುದು ಉಮೇದುವಾರರ ಪಟ್ಟಿ. ಗೆದ್ದವರು ಯಾರೆಂದು ಹೇಳುವುದು ‘ಕರ್ನಲ್ ಡ್ರೈವರ್ ಇನ್ ಯೂಸ್’ ಸಾಲು. 4365ಕ್ಕೆ ಅಲ್ಲಿ ‘ಡಬ್ಲ್ಯುಎಲ್’ ಎಂದೇ ಇರಬೇಕು, ‘ಬಿಸಿಎಂಎ-ಪಿಸಿಐ-ಬ್ರಿಡ್ಜ್’ ಎಂದಿದ್ದರೆ ತಪ್ಪು ಡ್ರೈವರ್ ಹಿಡಿದಿದೆ. ಆದರೆ 4727ಕ್ಕೆ ಅದೇ ‘ಬಿಸಿಎಂಎ-ಪಿಸಿಐ-ಬ್ರಿಡ್ಜ್’ ಸರಿಯಾದ ಉತ್ತರ, ಏಕೆಂದರೆ ಬಿಆರ್‌ಸಿಎಂಎಸ್‌ಮ್ಯಾಕ್ ಅದರ ಮೇಲೇ ಕೂರುತ್ತದೆ. ಹಾಗೆಯೇ 4315ಕ್ಕೆ ‘ಬಿ43-ಪಿಸಿಐ-ಬ್ರಿಡ್ಜ್’ ಸರಿ.

ಸೆಕ್ಯೂರ್ ಬೂಟ್ ಅಡ್ಡ ಬಂದಾಗ

ಮಾಡ್‌ಪ್ರೋಬ್ ಕೊಟ್ಟಾಗ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅಥವಾ ‘ಆಪರೇಷನ್ ನಾಟ್ ಪರ್ಮಿಟೆಡ್’ ಎಂದು ಬಂದರೆ ಡ್ರೈವರಿನ ತಪ್ಪಲ್ಲ. ನಿಮ್ಮ ಯಂತ್ರದಲ್ಲೇ ಕಂಪೈಲ್ ಆದ ಮಾಡ್ಯೂಲಿಗೆ ಸೆಕ್ಯೂರ್ ಬೂಟ್ ಎಂಬ ಕಾವಲು ನಂಬುವ ಸಹಿ ಇಲ್ಲ. ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡುವುದು ಎರಡು ನಿಮಿಷದ ದಾರಿ. ಪಕ್ಕದಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಹಾಕಿದ ವಿಂಡೋಸ್ ಇದ್ದರೆ ಆ ದಾರಿ ಬೇಡ, ಮುಂದಿನ ಸಲ ಅದು ರಿಕವರಿ ಕೀ ಕೇಳಬಹುದು. ಸಹಿಯ ಕೀಯನ್ನು (ಇದಕ್ಕೆ ಮೊಕ್ ಎಂದು ಹೆಸರು) ನೋಂದಾಯಿಸುವುದೇ ಒಳ್ಳೆಯದು. ಡೆಬಿಯನ್ 12ರಲ್ಲಿ:

ಸುಡೊ ಮೊಕ್‌ಯುಟಿಲ್ --ಇಂಪೋರ್ಟ್ /ವಾರ್/ಲಿಬ್/ಡಿಕೆಎಂಎಸ್/ಮೊಕ್.ಪಬ್

ಉಬುಂಟು ಪ್ಯಾಕೇಜ್ ಹಾಕುವಾಗ ತಾನೇ ಇದನ್ನು ಕೇಳುತ್ತದೆ. ಎರಡರಲ್ಲೂ ಒಂದು ಪಾಸ್‌ವರ್ಡ್ ಕೊಡಬೇಕು. ಇದು ಒಂದೇ ಸಲ ಬಳಸುವಂಥದ್ದು. ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಇಡಿ, ಏಕೆಂದರೆ ಮುಂದಿನ ನೀಲಿ ಪರದೆಯಲ್ಲಿ ಕೀಬೋರ್ಡು ಅಮೆರಿಕದ ವಿನ್ಯಾಸದಲ್ಲೇ ಇರುತ್ತದೆ. ರೀಬೂಟ್ ಮಾಡಿದ ಕೂಡಲೇ ‘ಮೊಕ್ ಮ್ಯಾನೇಜ್‌ಮೆಂಟ್‌ಗೆ ಯಾವುದಾದರೂ ಕೀ ಒತ್ತಿ’ ಎಂಬರ್ಥದ ಸೂಚನೆ, ಪಕ್ಕದಲ್ಲಿ ಹತ್ತರಿಂದ ಕೆಳಕ್ಕೆ ಎಣಿಕೆ. ಇಲ್ಲಿ ಚಹಾ ಮಾಡಲು ಎದ್ದು ಹೋದರೆ ಕೆಟ್ಟಿರಿ. ಎಣಿಕೆ ಮುಗಿದರೆ ಇಂಪೋರ್ಟಿನಿಂದ ಮತ್ತೆ ಶುರು ಮಾಡಬೇಕು. ಕೀ ಒತ್ತಿ, ‘ಎನ್‌ರೋಲ್ ಮೊಕ್’, ‘ಕಂಟಿನ್ಯೂ’, ‘ಯೆಸ್’, ಪಾಸ್‌ವರ್ಡ್, ‘ರೀಬೂಟ್’. ‘ಎನ್‌ರೋಲ್ ಮೊಕ್’ ಬಿಟ್ಟು ಅವಸರದಲ್ಲಿ ‘ಕಂಟಿನ್ಯೂ ಬೂಟ್’ ಒತ್ತುವವರೇ ಹೆಚ್ಚು.

ಡ್ರೈವರ್ ಏರಿದೆ, ಆದರೂ ವೈಫೈ ಇಲ್ಲ

ಆರ್‌ಎಫ್‌ಕಿಲ್ ಲಿಸ್ಟ್ ಕೊಡಿ. ‘ಸಾಫ್ಟ್ ಬ್ಲಾಕ್ಡ್: ಯೆಸ್’ ಎಂದರೆ ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ ಸಾಕು. ‘ಹಾರ್ಡ್ ಬ್ಲಾಕ್ಡ್: ಯೆಸ್’ ಎಂದರೆ ಯಾವ ಕಮಾಂಡೂ ಕೇಳುವುದಿಲ್ಲ, ಲ್ಯಾಪ್‌ಟಾಪಿನ ಅಂಚಿನಲ್ಲಿ ಸರಿಸುವ ಸ್ವಿಚ್ ಇದೆಯೇ, ಮೇಲಿನ ಸಾಲಿನ ಯಾವುದಾದರೂ ಕೀ ಮೇಲೆ ಆಂಟೆನಾ ಚಿತ್ರವಿದೆಯೇ ನೋಡಿ. ಸ್ವಿಚ್ಚೇ ಇಲ್ಲದ ಕೆಲವು ಲೆನೊವೊ ಐಡಿಯಾಪ್ಯಾಡ್‌ಗಳಲ್ಲಿ ಐಡಿಯಾಪ್ಯಾಡ್_ಲ್ಯಾಪ್‌ಟಾಪ್ ಎಂಬ ಮಾಡ್ಯೂಲು ಸುಳ್ಳೇ ಹಾರ್ಡ್ ಬ್ಲಾಕ್ ತೋರಿಸುತ್ತದೆ. ಅದನ್ನು ಮಾಡ್‌ಪ್ರೋಬ್ -ಆರ್ ಮಾಡಿ ನೋಡಿ; ಸರಿಯಾದರೆ ಬ್ಲ್ಯಾಕ್‌ಲಿಸ್ಟಿಗೆ ಸೇರಿಸಿ.

ಎನ್‌ಎಂಸಿಎಲ್‌ಐ ಡಿವೈಸ್ ಕೊಟ್ಟಾಗ ವೈಫೈ ಮುಂದೆ ‘ಅನ್‌ಮ್ಯಾನೇಜ್ಡ್’ ಎಂದಿದ್ದರೆ, ಡೆಬಿಯನ್ ಇನ್‌ಸ್ಟಾಲರ್ ಆ ಇಂಟರ್‌ಫೇಸಿನ ಹೆಸರನ್ನು /ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್ ಕಡತದಲ್ಲಿ ಬರೆದಿಟ್ಟಿರುತ್ತದೆ. ಆ ಸಾಲುಗಳ ಮುಂದೆ ಹ್ಯಾಶ್ ಗುರುತು ಹಾಕಿ ರೀಬೂಟ್ ಮಾಡಿ.

ನೆಟ್‌ವರ್ಕ್ ಪಟ್ಟಿ ಕಾಣುತ್ತದೆ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಮತ್ತೆ ಮತ್ತೆ ಕೇಳುತ್ತದೆ ಎಂದರೆ ಡಬ್ಲ್ಯುಎಲ್‌ನ ಹಳೆಯ ಕಾಯಿಲೆ. ಸ್ಕ್ಯಾನ್ ಮಾಡುವಾಗ ನೆಟ್‌ವರ್ಕ್ ಜೋಡಿಸುವ ನೆಟ್‌ವರ್ಕ್‌ಮ್ಯಾನೇಜರ್ ಎಂಬ ತಂತ್ರಾಂಶ ಮ್ಯಾಕ್ ವಿಳಾಸವನ್ನು (ಕಾರ್ಡಿನ ಗುರುತಿನ ಸಂಖ್ಯೆ) ಬದಲಿಸುತ್ತಿರುತ್ತದೆ, ಈ ಡ್ರೈವರಿಗೆ ಅದು ಅರಗುವುದಿಲ್ಲ. /ಇಟಿಸಿ/ನೆಟ್‌ವರ್ಕ್‌ಮ್ಯಾನೇಜರ್/ಕಾನ್ಫ್.ಡಿ ಒಳಗೆ ವೈಫೈ.ಕಾನ್ಫ್ ಎಂಬ ಕಡತ ಮಾಡಿ. ಈ ದಾರಿಯಲ್ಲಿ ನೆಟ್‌ವರ್ಕ್‌ನ ಎನ್, ಮ್ಯಾನೇಜರ್‌ನ ಎಂ ಎರಡೂ ದೊಡ್ಡಕ್ಷರ. ಅದರಲ್ಲಿ ಎರಡೇ ಸಾಲು:

[ಡಿವೈಸ್]
ವೈಫೈ.ಸ್ಕ್ಯಾನ್-ರ‍್ಯಾಂಡ್-ಮ್ಯಾಕ್-ಅಡ್ರೆಸ್=ನೋ

ಅದೇ ಕಡತದಲ್ಲಿ [ಕನೆಕ್ಷನ್] ಎಂಬ ಇನ್ನೊಂದು ತಲೆಬರಹ ಕೊಟ್ಟು ಅದರಡಿ ವೈಫೈ.ಪವರ್‌ಸೇವ್=2 ಎಂದು ಬರೆದರೆ ವಿದ್ಯುತ್ ಉಳಿತಾಯ ನಿಲ್ಲುತ್ತದೆ. ಐದು ನಿಮಿಷಕ್ಕೊಮ್ಮೆ ನೆಟ್ ತೂಕಡಿಸುವ ಕಾರ್ಡುಗಳಿಗೆ ಇದು ಒಗ್ಗುತ್ತದೆ. ಇಲ್ಲಿ 2 ಎಂದರೆ ಆಫ್, 3 ಎಂದರೆ ಆನ್.

ರೂಟರಿನ ಎರಡು ಹೆಸರುಗಳಲ್ಲಿ ಒಂದೇ ಕಾಣುತ್ತದೆಯೇ? ಬಿಸಿಎಂ43142ಕ್ಕೆ 5 ಗಿಗಾಹರ್ಟ್ಸ್ ಕೇಳಿಸುವುದೇ ಇಲ್ಲ. ಒಂದೇ ಆಂಟೆನಾದ 802.11ಎನ್ ಕಾರ್ಡು ಅದು. 20 ಮೆಗಾಹರ್ಟ್ಸ್ ಚಾನೆಲ್ಲಿನಲ್ಲಿ ಲಿಂಕ್ ವೇಗ 72.2 ಎಂಬಿಪಿಎಸ್ ದಾಟದು, ಕೈಗೆ ಸಿಗುವುದು ಅದರ ಅರ್ಧದ ಆಸುಪಾಸು. 100 ಎಂಬಿಪಿಎಸ್ ಫೈಬರ್ ಹಾಕಿಸಿದ್ದರೂ ಡ್ರೈವರನ್ನು ಬೈದು ಪ್ರಯೋಜನವಿಲ್ಲ. ರೂಟರನ್ನು ಡಬ್ಲ್ಯುಪಿಎ3 ಮಾತ್ರ ಎಂದು ಇಟ್ಟಿದ್ದರೆ ಡಬ್ಲ್ಯುಎಲ್ ಸೇರಿಕೊಳ್ಳುವುದಿಲ್ಲ. ಡಬ್ಲ್ಯುಪಿಎ2 ಅಥವಾ ಮಿಶ್ರ ಎಂದು ಬದಲಿಸಿ. ಚಾನೆಲ್ 12, 13ರಲ್ಲಿರುವ ರೂಟರ್ ಕಾಣದಿದ್ದರೆ ರೂಟರಿನಲ್ಲೇ 1, 6 ಅಥವಾ 11ಕ್ಕೆ ಇಡುವುದು ಎಲ್ಲಕ್ಕಿಂತ ಸುಲಭ.

ಕಾರ್ಡನ್ನೇ ಬದಲಿಸುವುದಾದರೆ

ಡಬ್ಲ್ಯುಎಲ್‌ನ ಮೂಲ ಸಂಕೇತಕ್ಕೆ ಬ್ರಾಡ್‌ಕಾಮ್ 2015ರ ನಂತರ ಕೈ ಹಚ್ಚಿಲ್ಲ. ಹೊಸ ಕರ್ನಲ್ ಬಂದಾಗಲೆಲ್ಲ ಡೆಬಿಯನ್, ಉಬುಂಟುವಿನವರು ತೇಪೆ ಹಚ್ಚಿ ಬದುಕಿಸಿಟ್ಟಿದ್ದಾರೆ. ತೇಪೆ ಬರುವುದು ತಡವಾದರೆ ಅಪ್‌ಗ್ರೇಡ್ ಮಾಡಿದ ದಿನವೇ ವೈಫೈ ನಿಲ್ಲುತ್ತದೆ. ಆಗ ಯಂತ್ರ ಶುರುವಾಗುವಾಗ ಬರುವ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಿಂದ ಹಿಂದಿನ ಕರ್ನಲ್ ಆರಿಸಿ, ಅದಕ್ಕಾಗಿಯೇ ಹಳೆಯ ಕರ್ನಲ್ ಒಂದನ್ನು ಅಳಿಸದೆ ಇಟ್ಟಿರಿ. 2019ರಲ್ಲಿ ಈ ಡ್ರೈವರಿನಲ್ಲಿ ಭದ್ರತಾ ದೋಷಗಳೂ ಬಯಲಾದವು. ಬ್ಯಾಂಕಿನ ವ್ಯವಹಾರಕ್ಕೂ ಬಳಸುವ ಯಂತ್ರವಾದರೆ ಕಾರ್ಡ್ ಬದಲಿಸುವುದೇ ಮೇಲು.

ಇಂಟೆಲ್ 7260 ಅಥವಾ ಅಥೆರೋಸ್ ಎಆರ್9462 ನೋಡಿ. ಎರಡನೆಯದರ ಎಟಿಎಚ್9ಕೆ ಡ್ರೈವರ್ ಕರ್ನಲ್ಲಿನಲ್ಲೇ ಇದೆ, ವೈಫೈಗೆ ಫರ್ಮ್‌ವೇರ್ ಕಡತವೂ ಬೇಡ. ಕೊಳ್ಳುವ ಮುಂಚೆ ಹಳೆಯ ಕಾರ್ಡ್ ಬಿಚ್ಚಿ ಅದು ಅರ್ಧ ಮಿನಿ ಪಿಸಿಐಇಯೋ ಎಂ.2 ಬಗೆಯದೋ ನೋಡಿ. ಒಂದಕ್ಕೊಂದು ಹೊಂದುವುದಿಲ್ಲ, ಆಂಟೆನಾ ತಂತಿಯ ಗುಂಡಿಯ ಅಳತೆಯೂ ಬೇರೆ. ಕೆಲವು ಹಳೆಯ ಎಚ್‌ಪಿ, ಲೆನೊವೊ ಯಂತ್ರಗಳ ಬಯೋಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಕಂಡರೆ ಬೂಟ್ ಆಗಲೇ ಬಿಡುವುದಿಲ್ಲ. ಲೆನೊವೊದಲ್ಲಿ 1802, ಎಚ್‌ಪಿಯಲ್ಲಿ 104 ಎಂಬ ದೋಷಸಂಖ್ಯೆ ತೋರಿಸಿ ನಿಲ್ಲುತ್ತದೆ. ಅಂಥ ಯಂತ್ರಕ್ಕೆ ಎಆರ್9271 ಚಿಪ್ಪಿನ ಯುಎಸ್‌ಬಿ ಅಡಾಪ್ಟರ್ ಸಾಕು. ಅದೂ 2.4 ಗಿಗಾಹರ್ಟ್ಸ್ ಮಾತ್ರವೇ, ಆದರೆ ಅದರ ಫರ್ಮ್‌ವೇರ್ ಕೂಡ ಮುಕ್ತ.

ಬದಲಿಸುವಾಗ ಬ್ಯಾಟರಿ ಕಳಚಿ. ಆಂಟೆನಾ ತಂತಿಯ ಗುಂಡಿಯನ್ನು ಉಗುರಿನಿಂದ ನೇರ ಮೇಲಕ್ಕೆ ಎತ್ತಿ, ಪಕ್ಕಕ್ಕೆ ಎಳೆಯಬೇಡಿ. ಆ ಗುಂಡಿಗಳು ಮೂವತ್ತು ಸಲ ಹಾಕಿ ತೆಗೆಯುವಷ್ಟಕ್ಕೇ ತಯಾರಾದವು. ಕೂರಿಸುವಾಗ ನಡುವಿಗೆ ಸರಿಯಾಗಿಟ್ಟು ಒತ್ತಿದರೆ ಟಿಕ್ ಎಂಬ ಸಣ್ಣ ಸದ್ದು ಬರುತ್ತದೆ. ಬಾರದಿದ್ದರೆ ಅದು ಕೂತಿಲ್ಲ. ಮುಚ್ಚಳ ಹಾಕಿದ ಮೇಲೆ ಸಿಗ್ನಲ್ ಒಂದೇ ಗೀಟು ತೋರಿಸುವುದಕ್ಕೆ ಬಹುಪಾಲು ಕಾರಣ ಅದೇ.